ಸ್ವಾತಂತ್ರ್ಯದ ಬೆಲೆ ಇನ್ನೂ ತೀರಿಲ್ಲ

(ಸ್ವಾತಂತ್ರ್ಯೋತ್ಸವದ ಅಂಗವಾಗಿ ಮುಂಬಯಿಯ ಕನ್ನಡ ಕಾರ್ಮಿಕ ಬಂಧುಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)



ಬೆಳಗಿನ ತಿಂಡಿಯ ಗದ್ದಲ ಮುಗಿಸಿ ಬಂದವರು, ರಾತ್ರಿ ಊಟದ ಹೊತ್ತಿಗೆ ಮತ್ತೆ ಹೋಟೆಲಿಗೆ ಮರಳಬೇಕಾದವರು, ಗಿರಣಿಯ ಭೋಂಗಾ ಕೇಳಿ ಎದ್ದು ವರುಷಗಟ್ಟಲೆ ದುಡಿದು ಈಗ ಮನೆಯಲ್ಲಿರುವ ಹಿರಿಯರು, ಎಲ್ಲರೂ ಇಲ್ಲಿ ಕೂಡಿದ್ದೀರಿ. ನಿಮ್ಮ ಬಿಡುವಿನ ಹೊತ್ತು ಎಷ್ಟು ಅಮೂಲ್ಯವೆಂಬುದನ್ನು ನಾನು ಬಲ್ಲೆ. ಆದುದರಿಂದ ಉಪಚಾರದ ಮಾತುಗಳನ್ನು ಬದಿಗಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ.

ಧ್ವಜ ಏರಿಸಿದ್ದೇವೆ. ಮಕ್ಕಳಿಗೆ ಸಿಹಿ ಹಂಚಿದ್ದೇವೆ. ಜಯಘೋಷ ಮಾಡಿದ್ದೇವೆ. ಇವೆಲ್ಲ ಬೇಕು. ಆದರೆ ಒಂದು ಲೆಕ್ಕವನ್ನು ಕೇಳದೆ ಈ ಹಬ್ಬವನ್ನು ಮುಗಿಸಬಾರದು. ಈ ಸ್ವಾತಂತ್ರ್ಯಕ್ಕೆ ಬೆಲೆ ಕೊಟ್ಟವರು ಯಾರು? ಕೊಟ್ಟು ಮುಗಿಯಿತೇ, ಇಲ್ಲ ಇನ್ನೂ ಬಾಕಿ ಇದೆಯೇ?

ಸ್ವಾತಂತ್ರ್ಯದ ಬೆಲೆಯೆಂದರೆ ಸದಾ ಎಚ್ಚರವಾಗಿರುವುದು ಎಂಬ ಮಾತು ಬಹಳ ಹಳೆಯದು. ೧೭೯೦ರಲ್ಲಿ ಐರ್ಲೆಂಡಿನ ವಕೀಲರಾದ ಜಾನ್ ಫಿಲ್ಪಾಟ್ ಕರನ್ ಎಂಬವರು ಆಡಿದ ಭಾಷಣವೊಂದರಲ್ಲಿ ಈ ಭಾವವಿದೆ. ಆದರೆ ನಮಗೆ ಇದನ್ನು ತಿಳಿಯಲು ಐರ್ಲೆಂಡಿಗೆ ಹೋಗಬೇಕಾದುದಿಲ್ಲ. ಹೋಟೆಲಿನ ಒಲೆಯ ಮುಂದೆ ನಿಂತು ಹಾಲು ಕಾಯಿಸಿದವನಿಗೆ ಇದು ಗೊತ್ತು. ಹಾಲು ತಂದವನು ಬೇರೆ, ಅದಕ್ಕೆ ಹಣ ಕೊಟ್ಟವನು ಬೇರೆ. ಒಲೆಯ ಮುಂದೆ ನಿಂತವನ ಕಣ್ಣು ಒಂದು ಗಳಿಗೆ ತಪ್ಪಿತೆಂದರೆ ಹಾಲೆಲ್ಲ ಉಕ್ಕಿ ಒಲೆಯ ಪಾಲು. ಆಮೇಲೆ ಪಾತ್ರೆ ಎಷ್ಟು ತಿಕ್ಕಿದರೂ ಹಾಲು ಬಾರದು. ಹಿರಿಯರು ಹಣ ಕೊಟ್ಟು ಹೋದರು. ಒಲೆಯ ಮುಂದೆ ನಿಂತಿರುವವರು ನಾವು.

ಮೊದಲು, ಹಣ ಕೊಟ್ಟವರ ಮಾತು.

ಬೆಲೆ ಕೊಟ್ಟವರು ಯಾರು?

ಸ್ವಾತಂತ್ರ್ಯ ಸಂಗ್ರಾಮವೆಂದ ಕೂಡಲೆ ನಮ್ಮ ಕಣ್ಣ ಮುಂದೆ ದೊಡ್ಡ ನಾಯಕರ ಭಾವಚಿತ್ರಗಳು ಬಂದು ನಿಲ್ಲುತ್ತವೆ. ಅವರಿಗೆ ನಮ್ಮ ನಮಸ್ಕಾರ. ಆದರೆ ಈ ಮುಂಬಯಿ ನಗರದಲ್ಲಿ ಆ ಬೆಲೆಯ ದೊಡ್ಡ ಪಾಲನ್ನು ತೆತ್ತವರು ನಮ್ಮಂಥವರೇ ಎಂಬುದನ್ನು ನಾವು ಮರೆತೆವೆಂದರೆ ನಮ್ಮ ಮನೆತನದ ಆಸ್ತಿಯನ್ನೇ ಮರೆತಂತೆ.

೧೯೦೮ರ ಜುಲೈ ೨೨ರಂದು ಲೋಕಮಾನ್ಯ ಟಿಳಕರಿಗೆ ಈ ನಗರದ ಹೈಕೋರ್ಟಿನಲ್ಲಿ ಆರು ವರ್ಷದ ಗಡಿಪಾರಿನ ಶಿಕ್ಷೆಯಾಯಿತು. ಅವರ ಅಪರಾಧವೇನು? ತಮ್ಮ ‘ಕೇಸರಿ’ ಪತ್ರಿಕೆಯಲ್ಲಿ ಲೇಖನ ಬರೆದದ್ದು. ಮರುದಿನದಿಂದ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಟಿಳಕರಿಗೆ ಆರು ವರ್ಷ. ಕಾರ್ಮಿಕರ ಮುಷ್ಕರ ಆರು ದಿನ, ವರ್ಷಕ್ಕೊಂದು ದಿನದಂತೆ. ಸೈನ್ಯ ಬಂದಿತು, ಗುಂಡು ಹಾರಿತು, ಜನ ಸತ್ತರು. ಆ ಕಾರ್ಮಿಕರಲ್ಲಿ ಹೆಚ್ಚಿನವರಿಗೆ ಓದು ಬರಹ ಬಾರದು. ‘ಕೇಸರಿ’ಯನ್ನು ಅವರು ತಾವಾಗಿ ಓದಿದವರಲ್ಲ, ಚಾಳಿನಲ್ಲಿ ಒಬ್ಬರು ಓದಿದ್ದನ್ನು ಹತ್ತು ಮಂದಿ ಕೇಳಿದವರು. ಓದು ಬಾರದವನು ಬರೆಯುವವನ ಸ್ವಾತಂತ್ರ್ಯಕ್ಕಾಗಿ ಆರು ದಿನದ ಕೂಲಿ ಬಿಟ್ಟನು. ಕೂಲಿ ಬಿಡುವುದೆಂದರೆ ಏನೆಂದು ಈ ಸಭೆಗೆ ನಾನು ವಿವರಿಸಬೇಕಾಗಿಲ್ಲ. ರಷ್ಯದ ಲೆನಿನ್ ಅವರು ಅದೇ ವರ್ಷ ಈ ಮುಷ್ಕರವನ್ನು ಗಮನಿಸಿ, ಭಾರತದ ಕಾರ್ಮಿಕ ರಾಜಕೀಯ ಹೋರಾಟಕ್ಕೆ ಸಿದ್ಧನಾಗಿದ್ದಾನೆಂದು ಬರೆದರು.

೧೯೩೦ಕ್ಕೆ ಬನ್ನಿ. ಉಪ್ಪಿನ ಸತ್ಯಾಗ್ರಹದ ವರ್ಷ. ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯರು ಇದೇ ಮುಂಬಯಿಯಲ್ಲಿ ಉಪ್ಪಿನ ಕಾಯಿದೆ ಮುರಿದು ಸೆರೆಮನೆಗೆ ಹೋದರು. ಆ ವರ್ಷದ ಡಿಸೆಂಬರ್ ೧೨ರಂದು ಕಾಳಬಾದೇವಿ ರಸ್ತೆಯಲ್ಲಿ ಪರದೇಶಿ ಬಟ್ಟೆ ತುಂಬಿದ ಲಾರಿ ಹೊರಟಿತು. ಅದಕ್ಕೆ ಅಡ್ಡಲಾಗಿ ಒಬ್ಬ ಗಿರಣಿ ಕಾರ್ಮಿಕ ನಿಂತನು. ಹೆಸರು ಬಾಬು ಗೇನು. ಪುಣೆ ಜಿಲ್ಲೆಯ ಒಂದು ಹಳ್ಳಿಯಿಂದ ಹೊಟ್ಟೆಪಾಡಿಗೆ ಈ ನಗರಕ್ಕೆ ಬಂದ ಹುಡುಗ, ವಯಸ್ಸು ಇಪ್ಪತ್ತೆರಡರ ಆಸುಪಾಸು. ಲಾರಿ ನಿಲ್ಲಲಿಲ್ಲ. ಅವನು ಎದ್ದೂ ಹೋಗಲಿಲ್ಲ. ಲಾರಿ ಅವನ ಮೇಲೆ ಹರಿಯಿತು. ಇಂದು ಆ ಪೇಟೆಯಲ್ಲಿ ಅವನ ಹೆಸರಿನ ಬೀದಿಯಿದೆ. ಆ ಬೀದಿಯಲ್ಲಿ ಚಹದ ಕಿಟ್ಲಿ ಹಿಡಿದು ಓಡಾಡಿದವರು ನಮ್ಮಲ್ಲಿ ಅನೇಕರಿದ್ದಾರೆ. ಮುಂದಿನ ಸಲ ಹೋದಾಗ ಆ ಫಲಕದ ಕೆಳಗೆ ಒಂದು ಗಳಿಗೆ ನಿಲ್ಲಿರಿ. ಬಟ್ಟೆ ನೇಯುವ ಗಿರಣಿಯಲ್ಲಿ ದುಡಿಯುವವನು ಬಟ್ಟೆಯ ಲಾರಿಗೆ ಅಡ್ಡ ಬಿದ್ದು ಸತ್ತನು. ಊರಿಗೆ ಹಣ ಕಳಿಸಬೇಕಾದ ಮಗ ಅವನೂ ಆಗಿದ್ದನು.

ಇನ್ನು ಸೊಲ್ಲಾಪುರ. ಕನ್ನಡ, ಮರಾಠಿ, ತೆಲುಗು, ಉರ್ದು, ನಾಲ್ಕು ಮಾತೂ ಒಂದೇ ಬೀದಿಯಲ್ಲಿ ಕೇಳಿಸುವ ಗಿರಣಿಗಳ ಊರು. ನಮ್ಮ ವಿಜಾಪುರ, ಕಲಬುರಗಿ ಕಡೆಯ ಎಷ್ಟೋ ಕುಟುಂಬಗಳಿಗೆ ಅನ್ನ ಕೊಟ್ಟ ಊರು. ೧೯೩೦ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನದ ಸುದ್ದಿ ಬಂದೊಡನೆ ಅಲ್ಲಿನ ಗಿರಣಿಗಳು ನಿಂತವು. ಗೋಲೀಬಾರು ನಡೆಯಿತು. ಜನ ರೊಚ್ಚಿಗೆದ್ದರು. ಕೆಲವು ದಿನ ಪೊಲೀಸರ ಆಳಿಕೆಯೇ ಊರಿನಲ್ಲಿ ಉಳಿಯಲಿಲ್ಲ. ಸ್ವಯಂಸೇವಕರೇ ಓಡಾಟ, ಕಾವಲು ಎಲ್ಲವನ್ನೂ ನೋಡಿಕೊಂಡರು. ಮೇ ೧೨ರಂದು ಸರಕಾರ ಅಲ್ಲಿ ಲಷ್ಕರಿ ಕಾಯಿದೆ ಹೇರಿತು. ಪೊಲೀಸರ ಕೊಲೆಯ ಆರೋಪ ಹೊರಿಸಿ ನಾಲ್ವರನ್ನು ೧೯೩೧ರ ಜನವರಿ ೧೨ರಂದು ಯರವಡಾ ಸೆರೆಮನೆಯಲ್ಲಿ ಗಲ್ಲಿಗೇರಿಸಿತು.

ಆ ನಾಲ್ಕು ಹೆಸರುಗಳನ್ನು ಲಕ್ಷ್ಯವಿಟ್ಟು ಕೇಳಿರಿ. ಮಲ್ಲಪ್ಪ ಧನಶೆಟ್ಟಿ. ಶ್ರೀಕಿಸನ್ ಸಾರಡಾ. ಜಗನ್ನಾಥ ಶಿಂದೆ. ಕುರ್ಬಾನ್ ಹುಸೇನ್. ಜಾತಿ ಬೇರೆ, ಮತ ಬೇರೆ, ಮನೆಮಾತು ಬೇರೆ. ಹಗ್ಗ ಮಾತ್ರ ಒಂದೇ. ಭಾಷೆಯ ಹೆಸರಿನಲ್ಲಿ, ಜಾತಿಯ ಹೆಸರಿನಲ್ಲಿ ಕಾರ್ಮಿಕನನ್ನು ಒಡೆಯಲು ಯಾರಾದರೂ ಬಂದಾಗ ಈ ನಾಲ್ಕು ಹೆಸರುಗಳೇ ಅವರಿಗೆ ಸಾಕಷ್ಟು ಉತ್ತರ.

೧೯೪೨ರ ಆಗಸ್ಟ್ ೮ರಂದು ಇದೇ ನಗರದ ಗೋವಾಲಿಯಾ ಟ್ಯಾಂಕ್ ಮೈದಾನದಲ್ಲಿ ‘ಚಲೇ ಜಾವ್’ ಘೋಷಣೆ ಮೊಳಗಿದ್ದನ್ನು ಎಲ್ಲರೂ ಬಲ್ಲಿರಿ. ಆ ಕಿಡಿ ನಮ್ಮ ನಾಡಿಗೂ ಹೋಯಿತು. ಶಿವಮೊಗ್ಗ ಜಿಲ್ಲೆಯ ಈಸೂರು ಎಂಬ ಹಳ್ಳಿ ತಾನು ಸ್ವತಂತ್ರವೆಂದು ಸಾರಿತು. ೧೯೪೩ರ ಮಾರ್ಚಿನಲ್ಲಿ ಅಲ್ಲಿನ ಐವರು ರೈತಮಕ್ಕಳು ಗಲ್ಲಿಗೇರಿದರು. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು ಎಳೆಯ ಹರೆಯದಲ್ಲೇ ಗಾಂಧೀಜಿಯವರ ಜತೆ ದಾಂಡಿಗೆ ನಡೆದುಹೋದವರು. ೧೯೪೩ರ ಏಪ್ರಿಲ್ ೧ರಂದು ಹೊಸರಿತ್ತಿಯಲ್ಲಿ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೊಂದಿಗೆ ಗುಂಡಿಗೆ ಬಲಿಯಾದರು.

೧೯೪೬ರ ಫೆಬ್ರವರಿಯಲ್ಲಿ ಮುಂಬಯಿಯ ನೌಕಾದಳದ ಹುಡುಗರು ಬಂಡೆದ್ದರು. ಅದು ಮೊದಲಾದದ್ದು ಎಲ್ಲಿಂದ? ತಿನ್ನಲಾಗದ ಊಟದಿಂದ, ಮೇಲಧಿಕಾರಿಗಳ ಬೈಗುಳದಿಂದ. ಹೋಟೆಲಿನವರಿಗೆ ಈ ಮಾತು ಬೇಗ ತಿಳಿಯುತ್ತದೆ: ಊಟದಲ್ಲಿ ಅವಮಾನವಿದ್ದರೆ ಅದನ್ನು ಯಾವ ಮನುಷ್ಯನೂ ಬಹಳ ದಿನ ನುಂಗಲಾರ. ದೊಡ್ಡ ನಾಯಕರು ಶಾಂತರಾಗಿರಿ ಎಂದರು. ಆದರೆ ಫೆಬ್ರವರಿ ೨೨ರಂದು ಗಿರಣಿಗಳು ಬಂದಾದವು, ಕಾರ್ಮಿಕರು ನಾವಿಕರ ಪರವಾಗಿ ಬೀದಿಗಿಳಿದರು. ಎರಡು ಮೂರು ದಿನಗಳಲ್ಲಿ ಇನ್ನೂರಕ್ಕೂ ಹೆಚ್ಚು ಜನ ಈ ನಗರದ ಬೀದಿಗಳಲ್ಲಿ ಗುಂಡಿಗೆ ಸತ್ತರು. ಅವರಲ್ಲಿ ಹೆಚ್ಚಿನವರ ಹೆಸರು ಯಾವ ಶಿಲೆಯ ಮೇಲೂ ಇಲ್ಲ.

ಒಂದು ಸಂಗತಿಯನ್ನು ಗಮನಿಸಿದಿರಾ? ಟಿಳಕರು ಗಿರಣಿ ಕಾರ್ಮಿಕರಲ್ಲ, ನಾವಿಕರು ಗಿರಣಿ ಕಾರ್ಮಿಕರಲ್ಲ. ತನ್ನ ಕೂಲಿಗಾಗಿ ಮಾತ್ರ ನಿಂತಿದ್ದರೆ ಆ ಕಾರ್ಮಿಕನಿಗೆ ಈ ಎರಡು ಸಲವೂ ಬೀದಿಗಿಳಿಯುವ ಕಾರಣವಿರಲಿಲ್ಲ. ಪರರ ಸ್ವಾತಂತ್ರ್ಯಕ್ಕೆ ಬಿದ್ದ ಪೆಟ್ಟು ನಾಳೆ ತನ್ನ ಬೆನ್ನಿಗೂ ಬೀಳುವುದೆಂದು ಅವನು ಅರಿತಿದ್ದನು. ಈ ಅರಿವನ್ನೇ ನಾನು ಎಚ್ಚರವೆನ್ನುತ್ತೇನೆ. ಈ ದಿನದ ನನ್ನ ಮಾತಿನ ಸಾರವೆಲ್ಲ ಇದೇ.

ಅವರು ಕೊಂಡು ಕೊಟ್ಟದ್ದು

ಇಷ್ಟು ರಕ್ತ ಸುರಿಸಿ ನಮಗೆ ದೊರೆತದ್ದೇನು? “ಬಿಳಿಯ ಧಣಿ ಹೋಗಿ ಕರಿಯ ಧಣಿ ಬಂದ, ನಮ್ಮ ಎಂಜಲು ಬಟ್ಟಲು ತಪ್ಪಿತೇ?” ಎಂದು ಬೇಸತ್ತು ಮಾತನಾಡುವವರಿದ್ದಾರೆ. ಅವರ ನೋವು ಸುಳ್ಳಲ್ಲ. ಆದರೆ ಕೈಯಲ್ಲಿರುವ ಗಂಟಿನಲ್ಲಿ ಏನಿದೆಯೆಂದು ಬಿಚ್ಚಿ ನೋಡದವನು ಅದನ್ನು ಕಳ್ಳ ಒಯ್ದರೂ ಅರಿಯಲಾರ.

ನಮ್ಮ ಸಂವಿಧಾನ ೧೯೫೦ರ ಜನವರಿ ೨೬ರಂದು ಜಾರಿಗೆ ಬಂದಿತು. ಅದನ್ನು ರೂಪಿಸಿದ ಸಮಿತಿಯ ಅಧ್ಯಕ್ಷರಾದ ಡಾ. ಅಂಬೇಡ್ಕರರು ಬಾಲ್ಯದಿಂದಲೂ ಪರೇಲಿನ ಕಾರ್ಮಿಕರ ಚಾಳನ್ನು ಬಲ್ಲವರು. ಆ ಗ್ರಂಥದಲ್ಲಿ ನಮ್ಮ ಹೋಟೆಲಿನ ಹೆಸರೇ ಇದೆಯೆಂದರೆ ನಂಬುವಿರಾ? ಹದಿನೈದನೆಯ ಅನುಚ್ಛೇದವನ್ನು ತೆಗೆದು ನೋಡಿರಿ. ಜಾತಿ, ಮತ, ಲಿಂಗ, ಹುಟ್ಟಿದ ಊರು ಇವುಗಳ ಕಾರಣದಿಂದ ಯಾವ ಪ್ರಜೆಯನ್ನೂ ಅಂಗಡಿ, ಉಪಾಹಾರ ಗೃಹ, ಹೋಟೆಲುಗಳ ಒಳಗೆ ಬರದಂತೆ ತಡೆಯಬಾರದೆಂದು ಅಲ್ಲಿದೆ. ಒಂದು ಕಾಲಕ್ಕೆ ಕೆಲವರಿಗೆ ಒಳಗೆ ಎಲೆ, ಕೆಲವರಿಗೆ ಹೊರಗೆ ತೆಂಗಿನ ಕರಟ. ಆ ಕರಟವನ್ನು ಮುರಿದದ್ದು ಈ ವಾಕ್ಯ.

ಹದಿನೇಳನೆಯದು ಅಸ್ಪೃಶ್ಯತೆಯನ್ನು ತೊಡೆಯಿತು. ಇಪ್ಪತ್ತಮೂರನೆಯದು ಬಿಟ್ಟಿ ಬೇಗಾರವನ್ನು ನಿಷೇಧಿಸಿತು. ಇಪ್ಪತ್ತನಾಲ್ಕನೆಯದು ಹದಿನಾಲ್ಕು ವರ್ಷದೊಳಗಿನ ಮಗುವನ್ನು ಕಾರಖಾನೆಗೆ, ಗಣಿಗೆ, ಅಪಾಯದ ಕೆಲಸಕ್ಕೆ ಹಚ್ಚಬಾರದೆಂದಿತು. ಹತ್ತೊಂಬತ್ತನೆಯದು ಮಾತನಾಡುವ, ಶಾಂತಿಯಿಂದ ಸಭೆ ಸೇರುವ, ಸಂಘ ಕಟ್ಟುವ, ದೇಶದ ಯಾವ ಊರಿನಲ್ಲಿಯೂ ನೆಲಸುವ ಹಕ್ಕುಗಳನ್ನು ಕೊಟ್ಟಿತು. ಕುಂದಾಪುರದಿಂದಲೋ, ಕಾರ್ಕಳದಿಂದಲೋ, ಬೆಳಗಾವಿಯಿಂದಲೋ ಬಂದು ಈ ನಗರದಲ್ಲಿ ನೆಲಸಿ ಈ ಸಂಘ ಕಟ್ಟಿ ಈ ಸಭೆ ನಡೆಸುತ್ತಿದ್ದೇವಲ್ಲ, ಇದಿಷ್ಟೂ ಆ ಒಂದು ಅನುಚ್ಛೇದದ ನೆರಳಿನಲ್ಲಿ.

ಆದರೆ ಬಂಧುಗಳೆ, ಬರೆದ ಹಕ್ಕು ತಾನಾಗಿ ಮನೆಬಾಗಿಲಿಗೆ ಬರುವುದಿಲ್ಲ. ವಾರಕ್ಕೊಂದು ರಜೆಯ ಕಥೆಯನ್ನೇ ನೋಡಿರಿ. ೧೮೮೪ರಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಇಲ್ಲಿನ ಗಿರಣಿ ಕಾರ್ಮಿಕರ ಸಹಿ ಸಂಗ್ರಹಿಸಿ ವಾರಕ್ಕೊಂದು ದಿನ ಬಿಡುವು ಬೇಕೆಂದು ಕೇಳಿದರು. ಗಿರಣಿ ಮಾಲಿಕರು ಒಪ್ಪಿದ್ದು ೧೮೯೦ರಲ್ಲಿ, ಆರು ವರ್ಷದ ಮೇಲೆ. ವಾರದ ದುಡಿಮೆ ನಲವತ್ತೆಂಟು ಗಂಟೆಗೆ ಇಳಿಯಲು ೧೯೪೬ ಬರಬೇಕಾಯಿತು. ಆಗ ಕಾರ್ಮಿಕ ಖಾತೆ ಅಂಬೇಡ್ಕರರ ಕೈಯಲ್ಲಿತ್ತು. ಹೋಟೆಲು, ಚಹದಂಗಡಿ, ಢಾಬಾಗಳಲ್ಲಿ ಹದಿನಾಲ್ಕರೊಳಗಿನ ಮಕ್ಕಳನ್ನು ದುಡಿಸಬಾರದೆಂಬ ನಿಷೇಧ ಬಂದದ್ದು ೨೦೦೬ರ ಅಕ್ಟೋಬರ್ ೧೦ರಂದು. ಸಂವಿಧಾನ ಬಂದು ಐವತ್ತಾರು ವರ್ಷ ಕಳೆದ ಬಳಿಕ! ಅಷ್ಟರಲ್ಲಿ ನಮ್ಮೂರ ಎಷ್ಟು ಹುಡುಗರ ಬಾಲ್ಯ ಗ್ಲಾಸು ತೊಳೆಯುವ ನೀರಿನಲ್ಲಿ ಹರಿದುಹೋಯಿತು! ಹಗಲೆಲ್ಲ ಟೇಬಲು ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಗೆ ಓಡಿ, ಅಲ್ಲಿ ತೂಕಡಿಸುತ್ತ ಅಕ್ಷರ ಕಲಿತ ಹಿರಿಯರು ಈ ಸಭೆಯಲ್ಲಿಯೇ ಇದ್ದಾರೆ.

ಕಣ್ಣು ತಪ್ಪಿದ ಇಪ್ಪತ್ತೊಂದು ತಿಂಗಳು

ಕೈಗೆ ಬಂದ ಸ್ವಾತಂತ್ರ್ಯ ಕೈ ಜಾರುವುದು ಹೇಗೆ? ಅದಕ್ಕೆ ಪರದೇಶದ ಸೈನ್ಯವೇ ಬರಬೇಕೆಂದಿಲ್ಲ. ೧೯೭೫ರ ಜೂನ್ ೨೫ರ ರಾತ್ರಿ ತುರ್ತು ಪರಿಸ್ಥಿತಿಯ ಘೋಷಣೆಗೆ ರುಜು ಬಿದ್ದಿತು. ಬೆಳಗಾಗುವಷ್ಟರಲ್ಲಿ ವಿರೋಧಿ ನಾಯಕರು ಸೆರೆಯಲ್ಲಿದ್ದರು. ಪತ್ರಿಕೆಗಳಿಗೆ ಕತ್ತರಿ ಬಿದ್ದಿತು. ಇಪ್ಪತ್ತೊಂದು ತಿಂಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಬಂಧಿಸಲಾಗಿತ್ತೆಂದು ಆಮೇಲೆ ಷಾ ಆಯೋಗ ಲೆಕ್ಕ ಕೊಟ್ಟಿತು.

ಆ ದಿನಗಳನ್ನು ಕಂಡ ಹಿರಿಯರಿಗೆ ಅಂದು ಕೇಳಿಬರುತ್ತಿದ್ದ ಮಾತೂ ನೆನಪಿರಬಹುದು. “ರೈಲು ಹೊತ್ತಿಗೆ ಸರಿಯಾಗಿ ಬರುತ್ತದೆ, ಕಚೇರಿಯಲ್ಲಿ ಗುಮಾಸ್ತರು ಕುರ್ಚಿಯಲ್ಲಿರುತ್ತಾರೆ. ಜೈಲಿಗೆ ಹೋದವರು ರಾಜಕೀಯದವರು, ನಮಗೇನು?” ಈ ‘ನಮಗೇನು’ ಎಂಬ ಮಾತಿನ ಬೆಲೆಯನ್ನು ಕಾರ್ಮಿಕ ಮೂರೇ ತಿಂಗಳಲ್ಲಿ ತೆತ್ತನು. ೧೯೭೫ರ ಸೆಪ್ಟೆಂಬರಿನಲ್ಲಿ ಒಂದು ಸುಗ್ರೀವಾಜ್ಞೆ ಹೊರಟಿತು. ಅದುವರೆಗೆ ನೂರಕ್ಕೆ ೮.೩೩ರಷ್ಟಿದ್ದ ಕನಿಷ್ಠ ಬೋನಸ್ಸು ನೂರಕ್ಕೆ ೪ಕ್ಕೆ ಇಳಿಯಿತು. ಮುಷ್ಕರ ಹೂಡೋಣವೆಂದರೆ ಮುಂದಾಳು ಸೆರೆಮನೆಯಲ್ಲಿ. ಪತ್ರಿಕೆಯಲ್ಲಿ ಬರೆಯೋಣವೆಂದರೆ ಕತ್ತರಿ. ಮಾತಿನ ಸ್ವಾತಂತ್ರ್ಯ ಪಂಡಿತರಿಗೆ ಬೇಕಾದದ್ದು, ನಮಗೆ ಬೋನಸ್ಸು ಮುಖ್ಯ ಎಂದವನಿಗೆ ಎರಡೂ ಇಲ್ಲದಂತಾಯಿತು. ೧೯೭೭ರಲ್ಲಿ ಜನ ಮತ ಹಾಕಿ ಆಳುವವರನ್ನು ಬದಲಿಸಿದ ಬಳಿಕವೇ ಆ ೮.೩೩ ಮರಳಿ ಬಂದಿತು.

ನಮ್ಮ ನಾಡಿನವರೂ ಆ ದಿನಗಳ ಬೆಲೆ ತೆತ್ತರು. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯ ಪಾತ್ರ ವಹಿಸಿದ ಸ್ನೇಹಲತಾ ರೆಡ್ಡಿಯವರು ಉಬ್ಬಸ ರೋಗಿ. ೧೯೭೬ರ ಮೇ ತಿಂಗಳಲ್ಲಿ ಅವರನ್ನು ಹಿಡಿದು ಬೆಂಗಳೂರು ಸೆರೆಮನೆಯಲ್ಲಿಟ್ಟರು. ದೇಹ ಪೂರ್ತಿ ಕುಸಿದ ಮೇಲೆ ೧೯೭೭ರ ಜನವರಿ ನಡುವಿನಲ್ಲಿ ಹೊರಗೆ ಬಿಟ್ಟರು. ಅದೇ ತಿಂಗಳ ೨೦ರಂದು ಅವರು ತೀರಿಕೊಂಡರು. ಮಂಗಳೂರಿನಿಂದ ಬಂದು ಈ ಮುಂಬಯಿಯ ಕಾರ್ಮಿಕರನ್ನು ಸಂಘಟಿಸಿದ ಜಾರ್ಜ್ ಫರ್ನಾಂಡಿಸರು ಭೂಗತರಾಗಿದ್ದಾಗ, ಅವರೆಲ್ಲಿ ಎಂದು ಕೇಳುತ್ತ ಅವರ ತಮ್ಮ ಲಾರೆನ್ಸರನ್ನು ಬೆಂಗಳೂರಿನಲ್ಲಿ ಹಿಡಿದು ಪೊಲೀಸರು ಚಿತ್ರಹಿಂಸೆ ಕೊಟ್ಟರು. ಅಣ್ಣನ ರಾಜಕೀಯವನ್ನು ನೀವು ಒಪ್ಪಿರಿ, ಬಿಡಿರಿ. ತಮ್ಮನ ಎಲುಬು ಮುರಿಯುವ ಅಧಿಕಾರ ಯಾರಿಗಿದೆ?

ಆಗ ನ್ಯಾಯಾಲಯವೇನು ಮಾಡಿತು? ಅನ್ಯಾಯವಾಗಿ ಬಂಧಿತನಾದವನು ಕೋರ್ಟಿನ ಬಾಗಿಲು ತಟ್ಟಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂದಿತು. ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರು ಸರಕಾರಿ ವಕೀಲರನ್ನು ಕೇಳಿದರು: ಒಬ್ಬ ಪೊಲೀಸನು ಸ್ವಂತ ದ್ವೇಷದಿಂದ ಒಬ್ಬನನ್ನು ಕೊಂದರೆ ಆಗಲೂ ಪರಿಹಾರವಿಲ್ಲವೇ? ತುರ್ತು ಪರಿಸ್ಥಿತಿ ಇರುವಷ್ಟು ಕಾಲ ಇಲ್ಲವೆಂಬುದೇ ಉತ್ತರದ ತಾತ್ಪರ್ಯವಾಗಿತ್ತು. ೧೯೭೬ರ ಏಪ್ರಿಲ್ ೨೮ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಸರಕಾರದ ವಾದವನ್ನು ಒಪ್ಪಿದರು. ಖನ್ನಾ ಅವರೊಬ್ಬರು ಒಪ್ಪಲಿಲ್ಲ. ಹಿರಿತನದಂತೆ ಅವರು ಮುಖ್ಯ ನ್ಯಾಯಮೂರ್ತಿಯಾಗಬೇಕಿತ್ತು. ೧೯೭೭ರ ಜನವರಿಯಲ್ಲಿ ಅವರನ್ನು ದಾಟಿ ಬೇರೊಬ್ಬರನ್ನು ನೇಮಿಸಲಾಯಿತು. ಅವರು ರಾಜೀನಾಮೆ ಕೊಟ್ಟು ಮನೆಗೆ ನಡೆದರು. ತ್ಯಾಗವೆಂದರೆ ಪ್ರಾಣ ಕೊಡುವುದು ಮಾತ್ರವೆಂದು ತಿಳಿಯಬೇಡಿರಿ. ಸಿಗಬೇಕಾದ ಪದವಿ ತಪ್ಪುವುದೆಂದು ಅರಿತೂ ಸತ್ಯವಾದುದನ್ನು ಬರೆದು ರುಜು ಹಾಕುವುದು ಕೂಡ ತ್ಯಾಗವೇ.

ಆ ಒಂಟಿ ಮಾತು ವ್ಯರ್ಥವಾಗಲಿಲ್ಲ. ೧೯೭೮ರಲ್ಲಿ ಸಂವಿಧಾನಕ್ಕೆ ನಲವತ್ತನಾಲ್ಕನೆಯ ತಿದ್ದುಪಡಿಯಾಗಿ, ಜೀವದ ಮತ್ತು ದೇಹಸ್ವಾತಂತ್ರ್ಯದ ಹಕ್ಕನ್ನು ತುರ್ತು ಪರಿಸ್ಥಿತಿಯಲ್ಲಿಯೂ ಅಮಾನತಿನಲ್ಲಿಡಲಾಗದೆಂದು ಗೊತ್ತಾಯಿತು. ಬಳಿಕ ೨೦೧೭ರ ಆಗಸ್ಟ್ ೨೪ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ತನ್ನ ೧೯೭೬ರ ತೀರ್ಪು ತಪ್ಪೆಂದು ಸಾರಿತು. ಆ ಮೊಕದ್ದಮೆ ಹೂಡಿದವರಾರು ಬಲ್ಲಿರಾ? ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ತೀರ್ಪು ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ಎಚ್ಚರಕ್ಕೆ ನಿವೃತ್ತಿಯ ವಯಸ್ಸಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ನಮ್ಮ ಗಿರಣಿ ಬಂಧುಗಳ ಇನ್ನೊಂದು ಕಹಿ ಪಾಠವನ್ನೂ ಇಲ್ಲಿಯೇ ನೆನೆಯೋಣ. ೧೯೮೨ರ ಜನವರಿ ೧೮ರಂದು ಈ ನಗರದ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಕೂಲಿ, ಬೋನಸ್ಸಿನ ಜತೆಗೆ ಅವರದೊಂದು ಮೂಲ ಬೇಡಿಕೆಯಿತ್ತು: ನಮ್ಮ ಪರವಾಗಿ ಮಾತನಾಡುವ ಸಂಘವನ್ನು ನಾವೇ ಆರಿಸುವೆವು. ಆದರೆ ೧೯೪೬ರ ಮುಂಬಯಿ ಔದ್ಯೋಗಿಕ ಸಂಬಂಧ ಕಾಯಿದೆಯ ಪ್ರಕಾರ ಮಾನ್ಯತೆ ಒಂದೇ ಸಂಘಕ್ಕೆ. ಕಾರ್ಮಿಕರೆಲ್ಲ ಬೇರೆ ನಾಯಕನ ಹಿಂದಿದ್ದರೂ ಮಾತುಕತೆಯ ಕುರ್ಚಿ ಆ ಮಾನ್ಯ ಸಂಘದ್ದೇ. ಆ ಮುಷ್ಕರ ಮುಗಿಯಿತೆಂದು ಯಾರೂ ಸಾರಲಿಲ್ಲ. ಅದು ಮನೆಮನೆಯಲ್ಲಿ ಸದ್ದಿಲ್ಲದೆ ಸೋತಿತು. ಅದರ ಸೋಲಿಗೆ ಬೇರೆ ಕಾರಣಗಳೂ ಇವೆ. ಆದರೂ ಕಾಯಿದೆಯ ಒಂದು ಕಲಮನ್ನು ಹೊತ್ತಿಗೆ ಸರಿಯಾಗಿ ಓದಿ ಪ್ರಶ್ನಿಸದಿದ್ದರೆ ಅದು ಮೂವತ್ತಾರು ವರ್ಷದ ಬಳಿಕವೂ ಬಂದು ಕೊರಳಿಗೆ ಬೀಳುತ್ತದೆಂಬುದನ್ನು ಮರೆಯಬಾರದು. ೨೦೧೯ ಮತ್ತು ೨೦೨೦ರಲ್ಲಿ ಸಂಸತ್ತು ಹಳೆಯ ಕಾರ್ಮಿಕ ಕಾಯಿದೆಗಳನ್ನು ಕೂಡಿಸಿ ನಾಲ್ಕು ಸಂಹಿತೆಗಳನ್ನು ಮಾಡಿತು. ನಮ್ಮಲ್ಲಿ ಎಷ್ಟು ಜನ ಅವುಗಳಲ್ಲಿ ಏನಿದೆಯೆಂದು ಕೇಳಿದ್ದೇವೆ? ಒಳ್ಳೆಯದೋ ಕೆಟ್ಟದ್ದೋ ಎಂಬ ತೀರ್ಪು ಆಮೇಲೆ. ಮೊದಲು ಓದಬೇಡವೇ?

ನಮ್ಮ ಪಾಲಿನ ಕಾವಲು

ಇಂಥ ದೊಡ್ಡ ಸಂಗತಿಗಳಲ್ಲಿ ಟೇಬಲು ಒರೆಸುವವನು, ದೋಸೆ ಹುಯ್ಯುವವನು ಏನು ಮಾಡಬಲ್ಲನೆಂದು ನೀವು ಕೇಳಬಹುದು. ಎಚ್ಚರವೆಂಬುದು ದಿಲ್ಲಿಯಲ್ಲಿ ಮಾತ್ರ ಮಾಡುವ ಕೆಲಸವಲ್ಲ. ಅದು ನಾವು ನಿಂತಲ್ಲಿಂದಲೇ ಆರಂಭವಾಗುತ್ತದೆ.

ಮೊದಲನೆಯದು, ನಮ್ಮ ದುಡಿಮೆಯ ಕಾಗದಪತ್ರ. ಕೆಲಸಕ್ಕೆ ಸೇರಿದ ದಿನಾಂಕದ ಪತ್ರವಿದೆಯೇ? ಸಂಬಳದ ಚೀಟಿಯಿದೆಯೇ? ಭವಿಷ್ಯನಿಧಿಗೆಂದು ಮುರಿದುಕೊಂಡ ಹಣ ನಮ್ಮ ಖಾತೆಗೆ ಸಂದಿದೆಯೇ? ವಾರದ ರಜೆ ಪುಸ್ತಕದಲ್ಲಿ ಮಾತ್ರ ಇದೆಯೇ, ಮೈಗೂ ಸಿಗುತ್ತಿದೆಯೇ? “ಧಣಿಗಳು ಊರಿನವರೇ, ಕೇಳಿದರೆ ಏನೆಂದುಕೊಳ್ಳುವರೋ” ಎಂಬ ಸಂಕೋಚ ನಮ್ಮಲ್ಲಿ ಬಹಳ. ಊರಿನ ಧಣಿಗಳ ಉಪಕಾರವನ್ನು ಮರೆಯುವುದು ಬೇಡ. ಎಷ್ಟೋ ಮಾಲಿಕರು ಹುಡುಗರಿಗೆ ಅನ್ನ, ಆಸರೆ, ಓದು ಕೊಟ್ಟಿದ್ದಾರೆ. ಆದರೆ ಉಪಕಾರ ಬೇರೆ, ಹಕ್ಕು ಬೇರೆ. ಉಪಕಾರಕ್ಕೆ ಕೈ ಮುಗಿಯೋಣ. ಹಕ್ಕಿಗೆ ಲೆಕ್ಕ ಕೇಳೋಣ.

ಎರಡನೆಯದು, ಅಡಿಗೆಮನೆಯ ಹಿಂದೆ ಪಾತ್ರೆ ತೊಳೆಯುವ ಮಗು. ಹನ್ನೆರಡರ ಹುಡುಗನನ್ನು “ಹದಿನಾರು” ಎಂದು ಹೇಳಿ ನಿಲ್ಲಿಸಿದಾಗ ಸುಮ್ಮನಿರುವವರು ನಾವಾಗಬಾರದು. ಅವನನ್ನು ಕೆಲಸದಿಂದ ಬಿಡಿಸಿದರೆ ಸಾಲದು. ಶಾಲೆಯ ಬಾಗಿಲಿಗೆ ಮುಟ್ಟಿಸುವ ತನಕ ಹೊಣೆ ನಮ್ಮದು.

ಮೂರನೆಯದು, ಮತ. ಊರಲ್ಲಿಯೂ ಹೆಸರಿಲ್ಲ, ಇಲ್ಲಿಯೂ ಹೆಸರಿಲ್ಲ ಎಂಬ ಸ್ಥಿತಿ ನಮ್ಮ ಹೋಟೆಲು ಹುಡುಗರಲ್ಲಿ ಸಾಮಾನ್ಯ. ೧೯೭೭ರಲ್ಲಿ ಆಳುವವರನ್ನು ಇಳಿಸಿದ್ದು ಬಂದೂಕಲ್ಲ, ಬೆರಳಿಗೆ ಹಚ್ಚಿದ ಮಸಿ. ಪಟ್ಟಿಯಲ್ಲಿ ಹೆಸರಿಲ್ಲದವನು ಆ ಕಾವಲಿನಿಂದ ತಾನೇ ಎದ್ದು ಹೋದಂತೆ. ನೋಟು ತೆಗೆದುಕೊಂಡು ಮತ ಹಾಕುವವನಂತೂ ಬಾಬು ಗೇನುವಿನ ಎದೆಯ ಮೇಲೆ ಇನ್ನೊಂದು ಲಾರಿ ಹರಿಸಿದಂತೆ.

ನಾಲ್ಕನೆಯದು ನಮ್ಮ ಸಂಘ. ಈ ಮಾತು ವೇದಿಕೆಯ ಮೇಲಿನವರಿಗೆ ಕೊಂಚ ಖಾರವಾಗಬಹುದು, ಕ್ಷಮಿಸಬೇಕು. ವರ್ಷದ ಸಾಮಾನ್ಯ ಸಭೆಗೆ ನಾಟಕಕ್ಕೆ ಬರುವಷ್ಟು ಜನ ಏಕೆ ಬರುವುದಿಲ್ಲ? ಜಮಾ ಖರ್ಚಿನ ಪಟ್ಟಿ ಓದುವಾಗ ಚಹ ಕುಡಿಯಲು ಎದ್ದು ಹೋಗುವವರು ಯಾರು? ಹತ್ತು ವರ್ಷ ಒಬ್ಬರೇ ಕಾರ್ಯದರ್ಶಿಯಾಗಿದ್ದರೆ ಅದು ಅವರ ಆಸೆಯಷ್ಟೇ ಅಲ್ಲ, ನಮ್ಮ ಸೋಮಾರಿತನವೂ ಹೌದು. ೧೯೪೯ರ ನವೆಂಬರ್ ೨೫ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರರು ಎಚ್ಚರಿಸಿದ್ದು ಇದನ್ನೇ. ಮತಧರ್ಮದಲ್ಲಿ ಭಕ್ತಿ ಮುಕ್ತಿಗೆ ದಾರಿಯಾಗಬಹುದು. ರಾಜಕೀಯದಲ್ಲಿ ವ್ಯಕ್ತಿಭಕ್ತಿ ಅಧಃಪತನಕ್ಕೆ, ಕಡೆಗೆ ಸರ್ವಾಧಿಕಾರಕ್ಕೆ ದಾರಿಯೆಂಬುದು ಅವರ ಮಾತಿನ ಭಾವ. ದೇಶಕ್ಕೆ ಹೇಳಿದ ಈ ಮಾತು ನಮ್ಮ ಐವತ್ತು ಜನರ ಸಂಘಕ್ಕೂ ಸಲ್ಲುತ್ತದೆ. ಚಿಕ್ಕ ಸಂಘದಲ್ಲಿ ಲೆಕ್ಕ ಕೇಳಲು ಅಂಜುವವನು ದೊಡ್ಡ ಸರಕಾರವನ್ನು ಕೇಳುವನೇ?

ಐದನೆಯದೇ ಎಲ್ಲಕ್ಕಿಂತ ಕಠಿಣ. ೧೯೬೦ರ ದಶಕದ ಕೊನೆಯಲ್ಲಿ ಈ ನಗರದಲ್ಲಿ ‘ಮದರಾಸಿ’ಗಳು ಹೊರಗೆ ಹೋಗಲಿ ಎಂಬ ಕೂಗೆದ್ದಿತು. ಕನ್ನಡಿಗ, ತಮಿಳ, ಮಲೆಯಾಳಿ ಎಂಬ ಭೇದವಿರಲಿಲ್ಲ. ಲುಂಗಿ ಉಟ್ಟವರೆಲ್ಲ ಮದರಾಸಿಗಳೇ. ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ಬಾಗಿಲು ಮುಚ್ಚಿ ಒಳಗೆ ದೀಪ ಆರಿಸಿ ಕುಳಿತವರ ಭಯವನ್ನು ನಮ್ಮ ಹಿರಿಯರು ಇನ್ನೂ ಮರೆತಿಲ್ಲ. ಅಂದು ನಮ್ಮ ಪರವಾಗಿ ನಿಂತ ಮರಾಠಿ ನೆರೆಯವರನ್ನೂ ಮರೆಯಬಾರದು. ಇಂದು ನಮ್ಮ ಹೋಟೆಲುಗಳ ಅಡಿಗೆಮನೆಯಲ್ಲಿ ಯಾರಿದ್ದಾರೆ? ಬಿಹಾರದ, ಉತ್ತರ ಪ್ರದೇಶದ, ಒಡಿಶಾದ, ಅಸ್ಸಾಮಿನ ಹುಡುಗರು. ಅವರನ್ನು ಹೊರಗಿನವರೆಂದು ಯಾರಾದರೂ ಹೊಡೆದರೆ, ಅವರ ಸಂಬಳ ಹಿಡಿದಿಟ್ಟರೆ, ಬೈದು ಕರೆದರೆ, “ನಮ್ಮವರಲ್ಲವಲ್ಲ” ಎಂದು ನಾವು ಕಣ್ಣು ಮುಚ್ಚುವೆವೇ? ಹಾಗಾದರೆ ಸೊಲ್ಲಾಪುರದ ಆ ನಾಲ್ವರ ಹೆಸರು ಹೇಳುವ ಅರ್ಹತೆ ನಮಗಿಲ್ಲ. ತನ್ನ ಹಕ್ಕಿಗೆ ಕಾವಲು ನಿಲ್ಲುವುದು ಎಲ್ಲರಿಗೂ ಬರುತ್ತದೆ. ಪಕ್ಕದವನ ಹಕ್ಕಿಗೆ ನಿಲ್ಲುವಾಗ ಕೈಯಿಂದ ಏನಾದರೂ ಕಳೆದುಕೊಳ್ಳಬೇಕಾಗುತ್ತದೆ: ಒಂದು ದಿನದ ಕೂಲಿ, ಮೇಲಿನವರ ಪ್ರೀತಿ, ಕೆಲವೊಮ್ಮೆ ಕೆಲಸವೇ. ಎಚ್ಚರಕ್ಕೂ ತ್ಯಾಗಕ್ಕೂ ಗಂಟು ಬಿದ್ದಿರುವುದು ಇಲ್ಲಿ. ತ್ಯಾಗಕ್ಕೆ ಸಿದ್ಧವಿಲ್ಲದವನ ಎಚ್ಚರ ಬರಿಯ ನೋಟ. ಅವನು ಕಾಣುತ್ತಾನೆ, ಆದರೆ ಕೂಗುವುದಿಲ್ಲ.

ಬಂಧುಗಳೆ, ನನ್ನ ಮಾತು ಮುಗಿಯುತ್ತ ಬಂದಿತು. ಬಾಬು ಗೇನುವಿನಂತೆ ಲಾರಿಗೆ ಅಡ್ಡ ಮಲಗಬೇಕೆಂದು ನಾನು ನಿಮ್ಮನ್ನು ಕೇಳುತ್ತಿಲ್ಲ. ಅಂಥ ದಿನ ಮತ್ತೆ ಬಾರದಿರಲಿ. ಅಂಥ ದಿನ ಬಾರದಂತೆ ಮಾಡುವ ದಾರಿ ಒಂದೇ: ದಿನದಿನವೂ ಚಿಕ್ಕ ಕಂತು ಕಟ್ಟುತ್ತ ಹೋಗುವುದು. ಕಂತು ತಪ್ಪಿಸಿದವನು ಒಂದು ದಿನ ಅಸಲು ಬಡ್ಡಿ ಕೂಡಿಸಿ ರಕ್ತದಲ್ಲಿ ತೆರಬೇಕಾಗುತ್ತದೆ. ವಾರಕ್ಕೊಮ್ಮೆ ಪತ್ರಿಕೆ ಓದಿ ಓದು ಬಾರದ ಒಬ್ಬನಿಗೆ ಹೇಳುವುದು, ತಿಂಗಳಿಗೊಮ್ಮೆ ಸಂಘಕ್ಕೆ ಬರುವುದು, ವರ್ಷಕ್ಕೊಮ್ಮೆ ಲೆಕ್ಕ ಕೇಳುವುದು, ಐದು ವರ್ಷಕ್ಕೊಮ್ಮೆ ಮಾರಿಕೊಳ್ಳದ ಮತ ಹಾಕುವುದು, ಅನ್ಯಾಯ ಕಂಡಲ್ಲಿ ಹತ್ತು ಜನ ಕೂಡಿ ಒಂದು ಮಾತಾಡುವುದು. ಕಂತು ಇಷ್ಟೇ. ಇದು ಯಾರ ಕೈಗೂ ಮೀರಿದ್ದಲ್ಲ.

ಹಬ್ಬದ ಈ ದಿನ ನಾವು ಒಂದು ನಿಶ್ಚಯ ಮಾಡೋಣ. ಸಂಘದ ಪ್ರತಿಯೊಬ್ಬ ಸದಸ್ಯನೂ ಈ ವರ್ಷ ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದ ಒಬ್ಬನ ಹೆಸರು ಬರೆಯಿಸಲಿ. ಸಂಬಳದ ಚೀಟಿ ಇಲ್ಲದ ಒಬ್ಬನಿಗೆ ಅದನ್ನು ಕೇಳಲು ಜತೆಗೆ ಹೋಗಲಿ. ಮುಂದಿನ ವರ್ಷ ಇದೇ ದಿನ ಇಲ್ಲಿ ಕೂಡಿದಾಗ ಎಷ್ಟು ಹೆಸರಾಯಿತೆಂದು ಕಾರ್ಯದರ್ಶಿಗಳು ಲೆಕ್ಕ ಒಪ್ಪಿಸಲಿ. ಅವರು ಒಪ್ಪಿಸದಿದ್ದರೆ ನೀವು ಕೇಳಿರಿ.



ಜೈ ಹಿಂದ್! ಜೈ ಕರ್ನಾಟಕ! ಶ್ರಮಜೀವಿಗಳ ಒಗ್ಗಟ್ಟಿಗೆ ಜಯವಾಗಲಿ!